ಹಾಡು ನಿಲ್ಲಿಸಿದ ರಾಜ

ಫಾಸ್ಟರ್ ಸಿಟಿಯ ಆ ಮನೆಯವರು ಭಾನುವಾರ ಬೆಳಿಗ್ಗೆ ಕಾರುಗಳನ್ನು ರಸ್ತೆಗೆ ಇಳಿಸಿ, ಖಾಲಿ ಗ್ಯಾರೇಜಿನಲ್ಲಿ ಯಕ್ಷಗಾನದ ಅಭ್ಯಾಸ ನಡೆಸುತ್ತಿದ್ದರು. ಚೆಂಡೆಯ ಸದ್ದಿಗೆ ಎದುರುಮನೆಯಾಕೆ ಒಂದು ದಿನವೂ ದೂರು ಹೇಳಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ತನ್ನ ಮುದಿ ನಾಯಿಯನ್ನು ಹಿನ್ನೀರಿನ ದಂಡೆಗೆ ಕರೆದೊಯ್ದು, ಚೆಂಡೆ ನಿಂತ ಮೇಲೆ ಮರಳುತ್ತಿದ್ದಳು. ಇದನ್ನು ಗಮನಿಸಿದ್ದು ಜಯಂತಿ ಮಾತ್ರ. ಮಗಳು ನೀತಾಳ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದ ಅವರಿಗೆ ಇಂಥವು ಬೇಗ ಕಣ್ಣಿಗೆ ಬೀಳುತ್ತಿದ್ದವು.

ಆ ವರ್ಷದ ಪ್ರಸಂಗವನ್ನು ಬರೆದವರು ಅವರೇ. ಉಡುಪಿಯ ಕಾಲೇಜಿನಲ್ಲಿ ಇತಿಹಾಸ ಓದುವಾಗ ಕೇಳಿದ ಗ್ರೀಕ್ ಪುರಾಣದ ಒಬ್ಬ ದೊರೆ ಐವತ್ತು ವರ್ಷಗಳಿಂದ ಅವರ ಮನಸ್ಸಿನಲ್ಲಿ ಉಳಿದಿದ್ದ. ಆಲ್ಕಿನೂಸ್ ಎಂದು ಅವನ ಹೆಸರು, ದ್ವೀಪವೊಂದರ ಅರಸ. ಯುದ್ಧ ಗೆದ್ದು ಹೆಸರಾದವನಲ್ಲ. ಹಡಗು ಒಡೆದು ದಡ ಸೇರಿದ ಅಪರಿಚಿತನೊಬ್ಬ ಅರಮನೆಗೆ ಬಂದು ಒಲೆಯ ಬೂದಿಯಲ್ಲಿ ಕುಳಿತಾಗ ಕೈಹಿಡಿದು ಎಬ್ಬಿಸಿ, ಪಕ್ಕದಲ್ಲಿದ್ದ ಸ್ವಂತ ಮಗನನ್ನು ಏಳಿಸಿ ಆ ಪೀಠವನ್ನು ಅವನಿಗೆ ಕೊಟ್ಟವನು. ಹೆಸರು ಕೇಳುವ ಮೊದಲು ಊಟ ಹಾಕಿಸಿದವನು. ಆಸ್ಥಾನದ ಗಾಯಕ ಹಾಡುವಾಗ ಅತಿಥಿ ಉತ್ತರೀಯದಲ್ಲಿ ಮುಖ ಮರೆಸಿಕೊಂಡು ಅತ್ತದ್ದನ್ನು ಕಂಡವನೂ ಅವನೊಬ್ಬನೇ. ಕಾರಣ ಯಾರಿಗೂ ಹೇಳದೆ ಹಾಡು ನಿಲ್ಲಿಸಿ, ಎಲ್ಲರನ್ನೂ ಆಟೋಟಕ್ಕೆ ಎಬ್ಬಿಸಿಬಿಟ್ಟ.

ಆ ಕೊನೆಯ ಸಂಗತಿಗೆ ಭಾಗವತ ವೈಕುಂಠ ಒಪ್ಪಲಿಲ್ಲ. ವಾರವೆಲ್ಲ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ದುಡಿದು ಭಾನುವಾರ ಹಾಡುವ ಆತ ಯಕ್ಷಗಾನದ ಕ್ರಮ ಒಂದಿಷ್ಟೂ ಬಿಡುವವನಲ್ಲ.

"ಅದೊಂದು ಬೇಡ ಅಕ್ಕಾ. ಭಾಗವತನ ಪದವನ್ನು ವೇಷಧಾರಿ ನಿಲ್ಲಿಸುವುದುಂಟಾ? ಆಟ ನಡೆಸುವವ ನಾನು."

ಜಯಂತಿ ಆ ಪುಟವನ್ನು ತೆಗೆದರು. ಎರಡನೆಯ ತಕರಾರಿಗೆ ಮಾತ್ರ ಅವರು ಸುಲಭಕ್ಕೆ ಬಗ್ಗಲಿಲ್ಲ. ರಾಜನ ವೇಷ ಹದಿಮೂರರ ಮೊಮ್ಮಗಳು ನಿಹಾರಿಕಾಳದು.

"ಕುಣಿತ ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಆದ್ರೆ ಅರ್ಥ ಹೇಳ್ಲಿಕ್ಕೆ ಆಗ್ತದಾ ಇವಳಿಗೆ?" ಎಂದ ವೈಕುಂಠ. ಭಾಗವತ ಹಾಡುವ ಪದ ಮುಗಿದ ಮೇಲೆ ವೇಷಧಾರಿ ಆಡುವ ಮಾತಿಗೆ ಅರ್ಥವೆನ್ನುತ್ತಾರೆ. ಬಲ್ಲವರು ಅದನ್ನು ಬರೆದುಕೊಂಡು ಬರುವುದಿಲ್ಲ, ನಿಂತಲ್ಲೇ ಹುಟ್ಟಿಸುತ್ತಾರೆ.

"ಐ ಕ್ಯಾನ್ ಡೂ ಇಟ್, ಅಂಕಲ್," ಎಂದಳು ನಿಹಾರಿಕಾ.

"ನೋಡಿ, ಇದನ್ನೂ ಇಂಗ್ಲಿಷಲ್ಲೇ ಹೇಳಿದ್ಲು."

ಕಡೆಗೆ ಒಂದು ಒಪ್ಪಂದವಾಯಿತು. ಮಾತನ್ನೆಲ್ಲ ಜಯಂತಿ ಬರೆದುಕೊಡುವುದು, ಹುಡುಗಿ ಬಾಯಿಪಾಠ ಮಾಡುವುದು. ರಂಗದ ಮೇಲೆ ಒಮ್ಮೆ ತಡವರಿಸಿದರೂ ಅಲ್ಲಿಂದ ಮುಂದಿನದನ್ನು ಪರದೆಯ ಹಿಂದಿನಿಂದ ನೀತಾ ಮೈಕಿನಲ್ಲಿ ಹೇಳುತ್ತಾಳೆ, ಇವಳು ಬರೀ ತುಟಿಯಾಡಿಸಬೇಕು. ತುಟಿಯಾಡಿಸುವ ರಾಜ ಜಯಂತಿಗೆ ಬೇಡವಾಗಿತ್ತು. ಹಾಗೇನಾದರೂ ಆದರೆ ಮಗು ಮತ್ತೆ ಕನ್ನಡದಲ್ಲಿ ಬಾಯಿ ತೆರೆಯಲಿಕ್ಕಿಲ್ಲ.

ಅತಿಥಿಯ ವೇಷ ದ್ವಾರಕಾನಾಥರದು. ವಾಲ್ನಟ್ ಕ್ರೀಕಿನಿಂದ ರೈಲು ಹಿಡಿದು ಬರುತ್ತಿದ್ದ ಅವರ ಜೊತೆ ಮೊದಲೆಲ್ಲ ಹೆಂಡತಿ ನಿರುಪಮಾ ಬಾಳೆಹಣ್ಣಿನ ಬನ್ಸಿನ ಡಬ್ಬಿ ಹಿಡಿದು ಬರುತ್ತಿದ್ದರು. ಹೋದ ಚಳಿಗಾಲದಲ್ಲಿ ನಿರುಪಮಾ ತೀರಿಕೊಂಡರು. ಈಗ ದ್ವಾರಕಾನಾಥರು ತಾವೇ ಬನ್ಸು ಮಾಡಿ ಅದೇ ಡಬ್ಬಿಯಲ್ಲಿ ತರುತ್ತಿದ್ದರು. ಕಲ್ಲಿನಂತಿರುತ್ತಿತ್ತು. ಉಳಿದವರು ಹೊಟ್ಟೆ ತುಂಬಿದೆಯೆಂದು ನುಣುಚಿಕೊಂಡರೂ ನಿಹಾರಿಕಾ ಪ್ರತಿ ಭಾನುವಾರ ಎರಡು ತಿನ್ನುತ್ತಿದ್ದಳು.

ಆಟ ಒಂದು ಶಾಲೆಯ ಹಾಲಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಆರಕ್ಕೆ ಬಾಗಿಲು ಹಾಕುತ್ತಾರೆ. ಮೊದಲ ಸಾಲಿನಲ್ಲಿ ಕುಳಿತ ಜಯಂತಿ, ಮೊಮ್ಮಗಳ ಪ್ರತಿ ಮಾತನ್ನೂ ತುಟಿಯೊಳಗೇ ಹೇಳಿಕೊಂಡರು. ಕಿರೀಟ ತೊಟ್ಟ ರಾಜ ತಡವರಿಸಲಿಲ್ಲ. ಬೂದಿಯಲ್ಲಿ ಕುಳಿತವನನ್ನು ಎಬ್ಬಿಸಿದ, ಊಟಕ್ಕೆ ಕರೆದ.

ಆಮೇಲೆ ಅತಿಥಿ ಮನೆಯನ್ನು ನೆನೆಯುವ ಪದ ಬಂತು. ಹೆಂಡತಿ ಇನ್ನೂ ಊಟಕ್ಕೆ ಎರಡು ಎಲೆ ಹಾಕಿ ಬಾಗಿಲು ನೋಡುತ್ತಿರಬಹುದೆಂಬ ಸಾಲು. ವೈಕುಂಠ ಕಣ್ಣು ಮುಚ್ಚಿ ಹಾಡಿದ. ದ್ವಾರಕಾನಾಥರು ಶಾಲನ್ನು ಮುಖದ ಮೇಲೆ ಎಳೆದುಕೊಂಡರು. ಅಭಿನಯವೆಂದು ಜನ ಚಪ್ಪಾಳೆ ತಟ್ಟಿದರು. ಹುರುಪೇರಿದ ವೈಕುಂಠ ಅದೇ ಸಾಲನ್ನು ಮತ್ತೆ ಎತ್ತಿಕೊಂಡ. ಶಾಲಿನೊಳಗೆ ಭುಜಗಳು ಅಲುಗುತ್ತಿದ್ದುದನ್ನು ಕಂಡ ಜಯಂತಿಗೆ ಇದು ಅಭಿನಯವಲ್ಲವೆಂದು ತಿಳಿಯಿತು. ಪದದ ನಂತರ ಅತಿಥಿಗೆ ಉದ್ದದ ಅರ್ಥವಿತ್ತು. ಹೇಗೆ ಹೇಳಿಯಾರು?

ಗೆಜ್ಜೆ ಘಲ್ಲೆಂದಿತು. ರಾಜ ಪೀಠದಿಂದ ಎದ್ದು ಭಾಗವತನ ಕಡೆಗೆ ಕೈಯೆತ್ತಿದ್ದ.

"ಭಾಗವತರೇ, ಹಾಡು ಸಾಕು."

ಮದ್ದಳೆ ನಿಂತಿತು. ಬರೆದುಕೊಟ್ಟ ಮಾತಲ್ಲ ಇದು. ಪರದೆಯ ಸಂದಿನಲ್ಲಿ ನೀತಾ ಮೈಕನ್ನು ಬಾಯಿಗೆ ತಂದದ್ದೂ ಏನು ಹೇಳಬೇಕೆಂದು ತಿಳಿಯದೆ ಇಳಿಸಿದ್ದೂ ಜಯಂತಿಗೆ ಕಂಡಿತು.

"ನಮ್ಮ ಅತಿಥಿ ಸಮುದ್ರದಲ್ಲಿ ತುಂಬಾ ದೂರ ಈಜಿ ಬಂದಿದ್ದಾರೆ," ಎಂದಳು ನಿಹಾರಿಕಾ. ರಂಗದ ಕನ್ನಡವಲ್ಲ, ಅಡುಗೆಮನೆಯಲ್ಲಿ ಅಜ್ಜಿಯಿಂದ ಕೇಳಿದ ಕನ್ನಡ. "ಅವರಿಗೆ ಸುಸ್ತಾಗಿದೆ. ಈಗ ಅವರನ್ನು ಯಾರೂ ಏನೂ ಕೇಳ್ಬೇಡಿ. ಬೇಕಾದಾಗ ಅವರೇ ಹೇಳ್ತಾರೆ. ಅಲ್ಲಿ ತನಕ... ಅಲ್ಲಿ ತನಕ ನಾನು ಕುಣೀತೇನೆ. ಚೆಂಡೆ ಬರಲಿ."

ಅತಿಥಿಯ ಕೈಹಿಡಿದು ತನ್ನ ಪೀಠದಲ್ಲೇ ಕೂರಿಸಿ, ಜನರಿಗೂ ಅವರಿಗೂ ನಡುವೆ ಬಂದು ನಿಂತಳು. ವೈಕುಂಠ ಕಣ್ಣು ಬಿಟ್ಟು ರಾಜನನ್ನು ನೋಡಿದ, ಹಿಂದಿದ್ದ ಶಾಲನ್ನು ನೋಡಿದ.

"ದೊರೆಯ ಅಪ್ಪಣೆ ಆಯ್ತಲ್ಲ, ಇನ್ನೆಂತ ಕಾಯುವುದು?" ಎಂದು ಚೆಂಡೆಯವನಿಗೆ ಹೇಳಿ ತಾಳ ಬದಲಿಸಿದ.

ಆ ಕುಣಿತದ ಮರೆಯಲ್ಲಿ ದ್ವಾರಕಾನಾಥರು ಮುಖ ಒರೆಸಿಕೊಂಡರು. ಚೆಂಡೆ ನಿಂತಾಗ ತಾವಾಗಿಯೇ ಎದ್ದು ಅರ್ಥ ಹೇಳಿದರು, ಅಭ್ಯಾಸದಲ್ಲಿ ಎಂದೂ ಹೇಳದಷ್ಟು ಚೆನ್ನಾಗಿ.

ಬಣ್ಣ ಕಳಚುವ ಕೋಣೆಯಲ್ಲಿ ನಿಹಾರಿಕಾ ಅಜ್ಜಿಯ ಸೆರಗು ಹಿಡಿದಳು. "ಅಜ್ಜಿ, ಆಮ್ ಐ ಇನ್ ಟ್ರಬಲ್?"

ವೈಕುಂಠ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಇಪ್ಪತ್ತು ವರ್ಷದಿಂದ ಹಾಡ್ತಿದ್ದೇನೆ ಮಾರಾಯ್ತಿ. ನನ್ನ ಬಾಯಿ ಮುಚ್ಚಿಸಿದ ವೇಷ ಇದೇ ಮೊದಲು."

"ಸಾರಿ ಅಂಕಲ್."

"ಎಂತಕ್ಕೆ ಸಾರಿ? ನಾನು ಕಣ್ಣು ಬಿಟ್ಟು ಹಾಡಬೇಕಿತ್ತು." ಆಮೇಲೆ ಜಯಂತಿಯ ಕಡೆಗೆ ತಿರುಗಿದ. "ಅಕ್ಕಾ, ಆ ತೆಗೆಸಿದ ಪುಟ ಸೇರಿಸಿಬಿಡಿ. ಮತ್ತೆ ಬರುವ ವರ್ಷ ಇವಳಿಗೆ ಅರ್ಥ ಬರೆದುಕೊಡ್ಬೇಡಿ."

ಅವನ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಯಾವ ವೇಷಧಾರಿಗೂ ಸಿಕ್ಕಿರಲಿಲ್ಲ.

ದ್ವಾರಕಾನಾಥರು ಡಬ್ಬಿ ತೆರೆದು ಹಿಡಿದರು. "ಮೂರು ಉಳಿದಿದೆ, ದೊರೆಗಳೇ."

ನಿಹಾರಿಕಾ ಎಂದಿನಂತೆ ಎರಡು ತೆಗೆದುಕೊಂಡಳು. ಮೂರನೆಯದನ್ನು ಜಯಂತಿ ಪೂರ್ತಿ ತಿಂದರು, ಹಲ್ಲಿಗೆ ತ್ರಾಸವಾದರೂ.

ಆರು ಗಂಟೆ ದಾಟಿತ್ತು. ಶಾಲೆಯ ಕಾವಲುಗಾರ ಆತುರಪಡಿಸದೆ, ಕಿರೀಟದ ಪೆಟ್ಟಿಗೆ ಹೊತ್ತು ಬಂದ ಅಜ್ಜಿಗಾಗಿ ಬಾಗಿಲನ್ನು ತೆರೆದು ಹಿಡಿದಿದ್ದ. ಜಯಂತಿ ಥ್ಯಾಂಕ್ಸ್ ಹೇಳಿ ನಾಲ್ಕು ಹೆಜ್ಜೆ ಹೋದವರು, ಮತ್ತೆ ಹಿಂದಿರುಗಿ ಬಂದರು. ಮುಖದಲ್ಲಿ ಅರ್ಧ ಬಣ್ಣವಿದ್ದ ಹುಡುಗಿಯನ್ನು ತೋರಿಸಿ,

"ದ ಕಿಂಗ್," ಎಂದರು. "ಮೈ ಗ್ರ್ಯಾಂಡ್‌ಡಾಟರ್."