ದೊರೆಯ ಅಂಗಳದಲ್ಲಿ ಗಾಳಿ ಬಿಡಿಸಿದ್ದು

ಏಳು ಬೆಟ್ಟದಾಚೆ, ಏಳು ಕೊಳದಾಚೆ, ಸ್ಕಾಟ್ಲೆಂಡಿನ ಬಡಗಣ ತುದಿಯಲ್ಲಿ ಒಬ್ಬ ದೊರೆ ಇದ್ದನಂತೆ. ಬೆಟ್ಟ ಅವನದು, ಬೆಟ್ಟದ ಮೇಲಿನ ಸಾರಂಗ ಅವನದು, ಹೊಳೆ ಅವನದು, ಹೊಳೆಯೊಳಗಿನ ಮೀನೂ ಅವನದೇ. ಆಳುಗಳ ಮನೆ ಅವನದು, ಮನೆಯೊಳಗಿನ ಆಳುಗಳೂ ಹೆಚ್ಚುಕಡಿಮೆ ಅವನವರೇ. ಇಷ್ಟೆಲ್ಲ ಇದ್ದ ದೊರೆಗೆ ಇದ್ದದ್ದು ಒಂದೇ ಚಿಂತೆ. ಬಂಗಲೆಯ ಮುಂದಿನ ಬಿಳಿ ಜಲ್ಲಿಯ ಅಂಗಳ ಕೊಳೆಯಾಗಬಾರದು.

ಆ ಅಂಗಳದಲ್ಲಿ ಈಗ ಬಂಗಲೆಯ ಕಸ ಗುಡಿಸುವ ಎಫಿ ಮಂಡಿಯೂರಿ ಕೂತು, ಎಣ್ಣೆ ಹತ್ತಿದ ಒಂದೊಂದೇ ಕಲ್ಲು ಎತ್ತಿ ಸೋಪಿನ ನೀರಲ್ಲಿ ಉಜ್ಜುತ್ತಿದ್ದಳು.

“ಅಲ್ಲಿ ಇನ್ನೊಂದು. ಕಣ್ಣು ಕಾಣಲ್ವೇನೇ?” ಪಾರುಪತ್ಯಗಾರ ಗಿಲ್‌ಕ್ರಿಸ್ಟ್ ಬೂಟಿನ ತುದಿಯಿಂದ ತೋರಿಸಿದ. “ನಿಮ್ಮ ಜನ ಎಲ್ಲಿ ನಿಂತರೂ ಗಲೀಜು. ಆ ಉಚ್ಚೆ ಹೊಯ್ಯೋ ಡಬ್ಬಾ ಕಾರನ್ನ ಮುಂಬಾಗಿಲಿಗೆ ಯಾಕೆ ತಂದೆ?”

“ಕಸ ಗುಡ್ಸೋಕೆ ಬಂದೆ ಬುದ್ಧಿ. ಹಿತ್ತಲ ಗೇಟಿಗೆ ತಿರುಗ್ಸೋಕೋದೆ, ಸ್ಟೀರಿಂಗೇ ತಿರುಗ್ಲಿಲ್ಲ. ಅದರ ಹೋಸು ಪೈಪು ಸೀಳೋಗಿ ಎಣ್ಣೆ ಸೋರ್ತಾ ಅದೆ.”

“ನಿಮ್ಮಪ್ಪ ಸತ್ತ ಅಂತ ಸುಮ್ಮನಿದೀನಿ. ನಾಳೆ ಅವನ ಹೆಣ ಮುಂಬಾಗಿಲ ದಾರಿ ಬಿಟ್ಟು ಹಿತ್ತಲ ದಾರೀಲೇ ಸ್ಮಶಾನಕ್ಕೆ ಹೋಗಬೇಕು, ಗೊತ್ತಾಯ್ತಾ? ಲಂಡನ್ನಿಂದ ಶಿಕಾರಿಗೆ ನೆಂಟರು ಬಂದಿದಾರೆ. ಊಟದ ಹೊತ್ತಲ್ಲಿ ಎದುರಿಗೆ ಹೆಣ ಹೋದರೆ ಅವರಿಗೆ ಅನ್ನ ಇಳಿಯುತ್ತಾ?”

“ಆ ದಾರೀಲಿ ಹೆಣದ ಗಾಡಿ ತಿರುಗಲ್ಲ ಬುದ್ಧಿ. ಅಷ್ಟುದ್ದದ್ದು.”

“ಸಾರಂಗ ಹೊರೋ ಟ್ರೇಲರ್ ಇದೆಯಲ್ಲ! ನೀರು ಹೊಡೆಸಿ ಕೊಡ್ತೀನಿ. ನಿಮ್ಮಪ್ಪನಿಗೆ ಬಳಕೆ ಇರೋ ಗಾಡೀನೇ.” ಗಿಲ್‌ಕ್ರಿಸ್ಟ್ ತನ್ನ ಮಾತಿಗೆ ತಾನೇ ನಕ್ಕ.

ಎಫಿಯ ಮುಷ್ಟಿಯಲ್ಲಿ ಕಲ್ಲಿತ್ತು. ಅದನ್ನು ಬಕೆಟ್ಟಿಗೆ ಹಾಕಿದಳು.

ಅವಳ ಅಪ್ಪ ಫಾರ್ಕರ್ ಪ್ರಾಯವೆಲ್ಲ ಕಳೆದದ್ದು ದೊರೆ ಹೊಡೆದ ಸಾರಂಗಗಳ ಕರುಳು ತೆಗೆದು, ಬೆಟ್ಟದಿಂದ ಇಳಿಸಿ, ಆ ಟ್ರೇಲರಿಗೆ ಹೇರುವುದರಲ್ಲಿ. ಕೊನೆಗೆ ಉಸಿರು ಎಳೆಯುತ್ತಿದ್ದಾಗ ಕೇಳಿದ್ದು ಒಂದೇ. “ನನ್ನನ್ನ ಆ ಗಾಡೀಲಿ ಮಾತ್ರ ಹಾಕ್ಬ್ಯಾಡ ಮಗಾ. ನನ್ನ ಕಾರಲ್ಲೇ ಕಳ್ಸು.” ಎಫಿ ಹೂಂ ಅಂದಿದ್ದಳು. ಸತ್ತವನು ಎದ್ದು ಬಂದು ಕೇಳುವುದಿಲ್ಲ, ನಿಜ. ಅದಕ್ಕೇ ಆ ಹೂಂನಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಅಪ್ಪನ ಕಾರೆಂದರೆ ಉದ್ದ ಬೆನ್ನಿನ ಮುದಿ ಕಾರು. ಎಣ್ಣೆ ಖಾಲಿಯಾದರೆ ಅದರ ಸ್ಟೀರಿಂಗು ಬೀಸೋಕಲ್ಲಿನಷ್ಟು ಬಿಗಿ. ಹಿತ್ತಲ ದಾರಿಯೋ, ಟಗರಿನ ಕೊಂಬಿನ ಹಾಗೆ ಸುತ್ತಿ ಸುತ್ತಿ ಸಮುದ್ರದಂಚಿನ ಸ್ಮಶಾನಕ್ಕೆ ಇಳಿಯುತ್ತದೆ. ಒಂದು ತಿರುವು ತಪ್ಪಿದರೆ ಹೆಣದ ಜೊತೆ ಕಾರಲ್ಲಿ ಕೂತವರೂ ಕೆಳಗೆ.

ಮಧ್ಯಾಹ್ನ ಎಫಿಯ ಮನೆ ಮುಂದೆ ಸೋದರತ್ತೆ ಬೆಲ್ಲಾಗ್ ಕೋಟಿನೊಳಗಿಂದ ಹಸಿರು ಪೈಪಿನ ತುಂಡೊಂದನ್ನು ಹಾವಿನ ಹಾಗೆ ಎಳೆದು ಹಾಕಿದಳು.

“ಎಲ್ಲಿಂದ ಕದ್ದ್ಯತ್ತೆ?”

“ದೊರೆ ಗುಲಾಬಿ ತೋಟದ್ದು. ಒಂದಿನ ನೀರಿಲ್ದಿದ್ರೆ ಗುಲಾಬಿ ಏನ್ ಸಾಯಲ್ಲ. ಸತ್ರೂ ನಾಕು ಹೂವ ನಿಮ್ಮಪ್ಪಂಗೇ ಆಯ್ತು. ಕಟ್ಟೇ, ಕಟ್ಟು.”

ಎಫಿ ಸೀಳಿದ ಭಾಗವನ್ನು ಕತ್ತರಿಸಿ ತೆಗೆದು, ಹಸಿರು ಪೈಪು ತುರುಕಿ, ಎರಡೂ ಕಡೆ ಕ್ಲಾಂಪು ಬಿಗಿದಳು. ಎಣ್ಣೆ ಹುಯ್ದಳು. ಬೆಲ್ಲಾಗ್ ಒಳಗೆ ಕೂತು ಕಾರು ಶುರು ಮಾಡಿ, ಸ್ಟೀರಿಂಗಿಗೆ ಜೋತುಬಿದ್ದು ಒಂದೇ ಸಲ ತಿರುಗಿಸಿದಳು. ಭುಸ್ಸೆಂದು ಪೈಪು ಹಾರಿತು. ಬಾನೆಟ್ಟಿನೊಳಗೆ ತಲೆಯಿಟ್ಟಿದ್ದ ಎಫಿ ಆಚೆ ಬಂದಾಗ ಹಣೆಯಿಂದ ಗದ್ದದ ತನಕ ಕೆಂಪೆಣ್ಣೆ.

“ಲೇ ಮುಂಡೇದೆ!” ಬೆಲ್ಲಾಗ್ ಹೊಟ್ಟೆ ಹಿಡಿದುಕೊಂಡಳು. “ನಿಮ್ಮಪ್ಪನ್ನ ಹೂಳೋಕಿಟ್ಕಂಡು ನೀನೇ ಗುಂಡು ತಿಂದ ಸಾರಂಗದಂಗೆ ನಿಂತಿದ್ಯಲ್ಲೇ!”

ಎಫಿಗೂ ನಗು ಬಂತು. ಒಳಗೆ ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ, ಹೊರಗೆ ಇಬ್ಬರು ಹೆಂಗಸರು ಕಾರಿಗೆ ಒರಗಿ ನಗುತ್ತಿದ್ದರು. ನಗುತ್ತ ನಗುತ್ತ ಎಫಿಗೆ ಅಳು ಬಂತು. ಬೆಲ್ಲಾಗ್ ತನ್ನ ಲಂಗದ ಅಂಚಿನಿಂದಲೇ ಅವಳ ಮುಖದ ಎಣ್ಣೆ ಒರೆಸಿದಳು.

ಸಂಜೆ ಬಂದರಿಗೆ ಹೋದಾಗ, ಅಲ್ಲಿ ಮೀನು ದೋಣಿಗಳ ರಿಪೇರಿ ಮಾಡುವ ಟಾರ್ಕಿಲ್ ಆ ಪೈಪನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. “ಗುಲಾಬಿ ಪೈಪಾ? ಥೂ ನಿಮ್ಮ! ಒಳಗೆ ಎಣ್ಣೆ ಗೂಳಿ ಒದ್ದಂಗೆ ಒದೀತದೆ ಕಣಮ್ಮ. ಇದಕ್ಕೆ ಕ್ಲಾಂಪು ನಿಲ್ಲಾಕಿಲ್ಲ.” ದೋಣಿಯ ಬಲೆ ಎಳೆಯುವ ಯಂತ್ರದ ದಪ್ಪ ಹೋಸನ್ನು ಅಳತೆಗೆ ಕತ್ತರಿಸಿದ. “ತುದಿಗೆ ಕಬ್ಬಿಣದ ಬಾಯಿ ಒತ್ತಿ ಬೆಳಿಗ್ಗೆ ನಾನೇ ತತ್ತೀನಿ. ವಿಸ್ಕಿ ಇರ್ತದಾ?”

“ಹೆಣದ ಮನೇಲಿ ವಿಸ್ಕಿ ಇಲ್ದಿರ್ತದಾ ಅಣ್ಣ?”

“ಹಂಗಾದ್ರೆ ಹೋಸೂ ಇರ್ತದೆ.”

ಮಾರನೆಯ ದಿನ ಹೋಸು ಕೂತಿತು. ಒಂದು ಹನಿಯೂ ಸೋರಲಿಲ್ಲ. ಹಿಂದಿನ ಸೀಟು ಮಡಚಿ ಪೆಟ್ಟಿಗೆ ತಳ್ಳಿದರು. ಕಾಲಿನ ಕಡೆ ಹೊರಗೇ ಉಳಿಯಿತು, ಬಾಗಿಲಿಗೆ ಹಗ್ಗ ಕಟ್ಟಿದರು. ಮಂದಿಯೆಲ್ಲ ಒಂದೊಂದು ಗುಟುಕು ಹಾಕಿ ಹಿಂದೆ ನಿಂತರು. ಎಫಿ ಕಾರು ಶುರು ಮಾಡಿದಳು. ಸ್ಟೀರಿಂಗಿಗೆ ಎಣ್ಣೆ ತಳ್ಳುವ ಪಂಪು, ಕರು ಹಾಕುವ ಹಸುವಿನ ಹಾಗೆ ನರಳಿತು.

ಟಾರ್ಕಿಲ್ ಕಿವಿಗೊಟ್ಟ. “ಒಳಗೆ ಗಾಳಿ ಸೇರ್ಕಂಡದೆ. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸ್ತಾ ಸುತ್ತು ಹಾಕ್ಬೇಕು, ಗಾಳಿಯೆಲ್ಲ ಬಿಟ್ಟೋಗೋಗಂಟ. ಹಿಂಗೇ ಹೋದ್ರೆ ತಿರುವಲ್ಲಿ ಕೈಕೊಡ್ತದೆ.”

“ನಿಂತಲ್ಲೇ ತಿರುಗ್ಸಿದ್ರೆ?”

“ಈ ಬಂಡೆ ಮ್ಯಾಲೆ, ಇಷ್ಟು ಭಾರ ಹೇರ್ಕಂಡು? ಟೈರು ಹರೀತದೆ. ಸಪಾಟಾದ ಜಾಗ ಬೇಕು.”

ಎಲ್ಲರೂ ಸುತ್ತ ನೋಡಿದರು. ಮನೆಯ ಮುಂದೆ ಬಂಡೆ, ಬಂಡೆಯಾಚೆ ಕೆಸರು, ಕೆಸರಿನಾಚೆ ಇಳಿಜಾರು. ಬೆಲ್ಲಾಗ್ ಕಾರಿನೊಳಗೆ ಕೂತು ಕಪ್ಪು ಕೋಟಿನ ಗುಂಡಿ ಹಾಕಿಕೊಂಡಳು.

“ಬಂಗ್ಲೆ ಮುಂದೆ ಸಪಾಟಾಗಿ ಅದೆ.”

“ಕೆಲ್ಸ ಹೋಗ್ತದೆ ಅತ್ತೆ. ಮನೇನೂ ಅವರ್ದೇ.”

“ಹೂಂ, ಹೋಗ್ತದೆ,” ಅಂದಳು ಬೆಲ್ಲಾಗ್.

ಎಫಿ ಗೇರು ಹಾಕಿದಳು.

ದೊರೆಯೂ ನೆಂಟರೂ ಬಿಸಿಲಿಗೆಂದು ಮೆಟ್ಟಿಲ ಮೇಲೇ ಮೇಜು ಹಾಕಿಸಿ ಸೂಪು ಕುಡಿಯುತ್ತಿದ್ದರು. ಮರಗಳ ಸಾಲಿನ ನಡುವಿನಿಂದ ಕಾರು ನರಳುತ್ತ ಬಂತು. ಸ್ಟೀರಿಂಗು ಕಟಕ್ಕನೆ ಎಡಕ್ಕೆ. ಒಂದು ಸುತ್ತು. ಕಟಕ್ಕನೆ ಬಲಕ್ಕೆ. ಇನ್ನೊಂದು. ಬಿಳಿ ಜಲ್ಲಿ ಪಟಪಟ ಸಿಡಿದು ಅಡಿಯ ಕಪ್ಪು ಮಣ್ಣು ಮೇಲೆದ್ದಿತು. ಹೆಣವನ್ನು ಒಂಟಿಯಾಗಿ ಬಿಡಬಾರದಲ್ಲ? ಹಿಂದಿದ್ದ ಮಂದಿಯೂ ಟೋಪಿ ಕೈಯಲ್ಲಿ ಹಿಡಿದು, ಕಾರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಗಂಭೀರವಾಗಿ ನಡೆದರು. ನೆಂಟರು ಇದೇನೋ ಬೆಟ್ಟದ ಜನರ ಶಾಸ್ತ್ರವೆಂದು ಚಮಚ ಇಟ್ಟು ಎದ್ದು ನಿಂತು ಟೋಪಿ ತೆಗೆದರು. ದೊರೆ ಅತ್ತ ಇತ್ತ ನೋಡಿದ. ಅವನೂ ತೆಗೆಯಬೇಕಾಯಿತು.

ಗಿಲ್‌ಕ್ರಿಸ್ಟ್ ಕೊರಳಿನ ಕರವಸ್ತ್ರ ಬೀಸುತ್ತ ಓಡಿಬಂದ. “ನಿಲ್ಸೇ! ಏನೇ ಇದು, ದರಿದ್ರ ಮುಂಡೆ?”

ಬೆಲ್ಲಾಗ್ ಕಿಟಕಿಯಿಂದ ತಲೆ ಹಾಕಿದಳು. “ಗಾಳಿ ಬಿಡಿಸ್ತಾ ಇದೀವಿ ಬುದ್ಧಿ! ಬಾಳ ದಿನದಿಂದ ಕಟ್ಕಂಡಿತ್ತು!”

“ಸಂಜೆಯೊಳಗೆ ಮನೆ ಕೀಲಿ ನನ್ನ ಮೇಜಿನ ಮೇಲಿರಬೇಕು!”

ಎಫಿಗೆ ಕೇಳಿಸಿತು. ಸ್ಟೀರಿಂಗು ಪೂರ್ತಿ ಬಲಕ್ಕಿತ್ತು. ಪಂಪು ಇನ್ನೂ ಅಳುತ್ತಿತ್ತು.

“ಇನ್ನೊಂದು ಸುತ್ತು ಕಣಮ್ಮ,” ಪಕ್ಕದಲ್ಲೇ ನಡೆಯುತ್ತಿದ್ದ ಟಾರ್ಕಿಲ್ ಅಂದ.

ಹಾಕಿದಳು. ನರಳಾಟ ಕುಂಯ್‌ಕುಂಯ್ ಆಯಿತು, ಕುಂಯ್‌ಕುಂಯ್ ಸೊಳ್ಳೆಯ ಸದ್ದಾಯಿತು, ಆಮೇಲೆ ಅದೂ ಇಲ್ಲ. ಕಾರು ನಿಂತಿತು. ಟಾರ್ಕಿಲ್ ಬಾನೆಟ್ಟು ಎತ್ತಿ, ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಇಣುಕಿದ. ಒಂದು ಗುಳ್ಳೆಯೂ ಇರಲಿಲ್ಲ.

“ಆಯ್ತು,” ಅಂದ.

ಎಫಿ ಒಂದೇ ಬೆರಳಲ್ಲಿ ಸ್ಟೀರಿಂಗು ತಿರುಗಿಸಿದಳು. ಅಪ್ಪನ ಕಾರು ಮುಂಬಾಗಿಲ ದಾರಿಗೆ ಮುಖ ಮಾಡಿತು.