ಬೆಳ್ಳಿ ಹೊದಿಸಿದ ಕರಣೆ

ನಾನು ಒಂದು ಕರಣೆ. ಕಲ್ಲಿಗೆ ಗಾರೆ ಮೆತ್ತುವ ಕಬ್ಬಿಣದ ಕರಣೆ. ಈಗ ನನ್ನನ್ನು ನೋಡಿದವರು ಬೆಳ್ಳಿಯದು ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾನು ಹುಟ್ಟಿದ್ದು ಬಳ್ಳಾರಿ ಸೀಮೆಯ ಒಂದು ಹತ್ತಿಪೇಟೆಯ ಕುಲುಮೆಯಲ್ಲಿ. ಸವೆದುಹೋದ ಗಾಡಿಚಕ್ರದ ಪಟ್ಟಿಯನ್ನು ಕಮ್ಮಾರ ಕಾಯಿಸಿ ಬಡಿದು ನನ್ನನ್ನು ಮಾಡಿದ; ಜಾಲಿಮರದ ಹಿಡಿ ತೊಡಿಸಿದ. ಮೇಸ್ತ್ರಿ ಗಾದಿಲಿಂಗಪ್ಪ ನನ್ನನ್ನು ಮನೆಗೆ ಒಯ್ದು, ಅರಿಸಿನ ಕುಂಕುಮ ಹಚ್ಚಿ ಕೈಮುಗಿದು, ಆಮೇಲೆ ಕೆಲಸಕ್ಕೆ ಹಿಡಿದ. ಕಲ್ಲನ್ನು ಗಾರೆಯ ಮೇಲೆ ಕೂಡಿಸಿ, ನನ್ನ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಗಾರೆ ಕೆಲಸದವರ ಪದ್ಧತಿ. ಒಳಗೆ ಪೊಳ್ಳಿಲ್ಲವೆಂದು ಗೊತ್ತಾದರೆ ಮೇಸ್ತ್ರಿ "ಕೂತಿತು" ಎನ್ನುತ್ತಿದ್ದ. ಅವನು ಹಾಗೆ ಅನ್ನದೆ ಯಾರೂ ಮುಂದಿನ ಕಲ್ಲನ್ನು ಮುಟ್ಟುತ್ತಿರಲಿಲ್ಲ.

ಆ ಪೇಟೆಗೆ ಹತ್ತಿ ವ್ಯಾಪಾರಕ್ಕೆಂದು ಬಂದವನು ಪ್ರಿಚರ್ಡ್ ದೊರೆ. ಅವನನ್ನು ಇಂಗ್ಲೆಂಡಿನವನು ಎಂದರೆ ಅವನಿಗೆ ಸೇರುತ್ತಿರಲಿಲ್ಲ. ಕೆಲಸ ನೋಡಲು ಬಂದು ಕಲ್ಲಿನ ರಾಶಿಯ ಮೇಲೆ ಕೂತುಬಿಡುತ್ತಿದ್ದ.

"ನಂದು ವೇಲ್ಸ್ ದೇಶ, ಮೇಸ್ತ್ರಿ. ಅಲ್ಲಿ ಗುಡ್ಡದಾಗ ನಮ್ಮಪ್ಪ ಕಲ್ಲು ಸೀಳತಿದ್ದ, ನಿನ್ನಂಗ."

"ಹಂಗಾದ್ರ ನೀವು ನಮ್ಮ ಪೈಕಿನೇ ಬಿಡ್ರಿ ದೊರಿ. ನಮ್ಮ ಬಣ್ಣ ಬರಾಕ ಇನ್ನೊಂದೆರಡು ಬ್ಯಾಸಿಗಿ ಬೇಕು, ಅಷ್ಟ!"

ದೊರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಗೋದಾಮು, ಹತ್ತಿ ಬಿಡಿಸುವ ಕಾರ್ಖಾನೆ, ಬಂಗಲೆ ಎಲ್ಲವನ್ನೂ ಕಟ್ಟಿದವರು ನಾವೇ.

ಗಾದಿಲಿಂಗಪ್ಪನ ಹೆಂಡತಿ ಹೊನ್ನೂರಮ್ಮ ಆ ಕಾರ್ಖಾನೆಯಲ್ಲಿ ಹತ್ತಿ ಆರಿಸುತ್ತಿದ್ದಳು. ತುಂಬಿದ ಬಸುರಿ. ಹತ್ತಿಯ ರಾಶಿಯ ನಡುವೆಯೇ ನೋವು ಬಂತು. ಬಲ್ಲವರು ಯಾರೂ ಹತ್ತಿರವಿರಲಿಲ್ಲ. ಹೆಣ್ಣುಕೂಸು ಸುಂಕಮ್ಮ ಉಳಿಯಿತು, ತಾಯಿ ಉಳಿಯಲಿಲ್ಲ. ದೊರೆ ಬರಿಗಾಲಲ್ಲಿ ಓಡಿಬಂದು ಕಣ್ಣೀರು ಹಾಕಿದ. "ಈ ಊರು ನನ್ನ ಕೈಗೆ ಬಂದ್ರ ಮೊದಲು ಹೆರಿಗೆ ಆಸ್ಪತ್ರೆ ಕಟ್ಟಸ್ತೀನಿ ಮೇಸ್ತ್ರಿ" ಎಂದ. ಅದು ಸುಳ್ಳು ಕಣ್ಣೀರಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ.

ಸುಂಕಮ್ಮ ಬೆಳೆದಳು, ದೊರೆಯ ಐಶ್ವರ್ಯವೂ ಬೆಳೆಯಿತು. ಅವನು ಪುರಸಭೆಯ ಅಧ್ಯಕ್ಷನಾದ. ಕೊಟ್ಟ ಮಾತಿನಂತೆ ಪೇಟೆಯ ನಡುವೆ ಆಸ್ಪತ್ರೆಗೆ ಶಂಕುಸ್ಥಾಪನೆ ಗೊತ್ತುಮಾಡಿದ. ಅಷ್ಟು ದೊಡ್ಡವರ ಕೈಗೆ ಬರಿ ಕಬ್ಬಿಣ ಕೊಡುವುದು ಹೇಗೆಂದು ಕಚೇರಿಯವರು ನನ್ನನ್ನು ಅಕ್ಕಸಾಲಿಗನ ಹತ್ತಿರ ಒಯ್ದು ಬೆಳ್ಳಿ ಹೊದಿಸಿದರು. ಗಾದಿಲಿಂಗಪ್ಪ ಸಂತೋಷದಿಂದಲೇ ನನ್ನನ್ನು ಕೊಟ್ಟಿದ್ದ. ಶಂಕುಸ್ಥಾಪನೆಯ ದಿನ ಬೆಳಿಗ್ಗೆ ಅವನು ಗುಂಡಿಯಲ್ಲಿ ನವಧಾನ್ಯ ಹಾಕಿ, ಪೂಜೆ ಮಾಡಿ, ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಹೊನ್ನೂರಮ್ಮನ ಕಾಲುಂಗುರವನ್ನು ಇಟ್ಟ. ಅದರ ಮೇಲೆ ಗಾರೆ ಎಳೆದವನು ನಾನು. ದೊರೆ ಬಂದು ನನ್ನಿಂದ ಗಾರೆಯನ್ನು ಒಂದು ಸಲ ಸವರಿದ. ಗಾದಿಲಿಂಗಪ್ಪ ಕಲ್ಲು ತಟ್ಟಿ "ಕೂತಿತು" ಎಂದ.

ಆಮೇಲೆ ನನ್ನನ್ನು ಪುರಸಭೆಯ ಸಭಾಂಗಣದ ಗಾಜಿನ ಬೀರುವಿಗೆ ಹಾಕಿದರು. ಗಾದಿಲಿಂಗಪ್ಪ ಕೇಳಲು ಬಂದರೆ, ಅದು ಪುರಸಭೆಯ ಸ್ವತ್ತು ಎಂದು ಬಾಗಿಲಲ್ಲೇ ಸಾಗಹಾಕಿದರು. ಬೀರುವಿನೊಳಗಿಂದ ನಾನು ಸಭೆಗಳನ್ನು ಕಂಡೆ. ಒಮ್ಮೆ ಗೋದಾಮಿನ ರಸ್ತೆ ಮೊದಲು ಎಂದರು, ಒಮ್ಮೆ ಬಂಗಲೆ ಬೀದಿಯ ದೀಪ ಮೊದಲು ಎಂದರು. ಆಸ್ಪತ್ರೆ ಒಂದು ಕಲ್ಲಿನಿಂದ ಮೇಲೆ ಏಳಲಿಲ್ಲ. ಕಿಟಕಿಯಾಚೆ ಆ ಕಲ್ಲಿನ ಮೇಲೆ ಆಡುಗಳು ಹತ್ತಿ ನಿಲ್ಲುತ್ತಿದ್ದವು.

ಅಷ್ಟರಲ್ಲಿ ಗವರ್ನರು ಬರುವ ಸುದ್ದಿ ಬಂತು. ಅವರಿಗೆ ತೋರಿಸಲು ಒಂದು ಗಡಿಯಾರದ ಗೋಪುರ ಬೇಕಾಯಿತು. ಜಾಗ ಅದೇ, ಕಲ್ಲೂ ಅದೇ. ಎಬ್ಬಿಸಿ, ಮಗುಚಿ, ಹಿಂಬದಿಯಲ್ಲಿ ದೊರೆಯ ಹೆಸರು ಕೆತ್ತಿಸಿದರಾಯಿತು ಎಂದರು. ಗಾದಿಲಿಂಗಪ್ಪನನ್ನು ಸಭೆಗೆ ಕರೆಸಿದರು.

"ಪೂಜಿ ಮಾಡಿ ಕುಂದ್ರಿಸಿದ ಕಲ್ಲು ದೊರಿ. ದೇವರ ಮುಂದ ಕೊಟ್ಟ ಮಾತು ಅದು. ಎಬ್ಬಸಬಾರದು."

"ಆಸ್ಪತ್ರೆ ಮುಂದಿನ ವರ್ಷ ಆಗ್ತದ. ಕಲ್ಲು ಕಲ್ಲೇ ಮೇಸ್ತ್ರಿ. ನಾನೂ ಕಲ್ಲು ಒಡೆಯೋನ ಮಗ."

"ನಿಮ್ಮಪ್ಪ ಇದ್ದಿದ್ರ ಹಿಂಗ ಅಂತಿರಲಿಲ್ಲ ಬಿಡ್ರಿ."

ಮೆಂಬರುಗಳು ನಕ್ಕರು. ಆಗ ಬಾಗಿಲಲ್ಲಿ ನಿಂತಿದ್ದ ಸುಂಕಮ್ಮ ಒಳಗೆ ಬಂದಳು. ಅವಳೂ ಈಗ ಬಸುರಿ.

"ದೊರಿ, ನಮ್ಮವ್ವಗ ಹತ್ತಿರಾಶಿ ಆತು. ನನ್ನ ಹೆರಿಗಿ ಏನು ಗಡಿಯಾರದಾಗ ಮಾಡಸ್ತೀರಾ?"

ನಗು ನಿಂತಿತು. ದೊರೆಯ ಮುಖ ಕೆಂಪಾಯಿತು. ಮೇಜಿನ ಮೇಲಿದ್ದ ಟೋಪಿಯನ್ನು ಅತ್ತಿತ್ತ ಸರಿಸಿದ. ಆದರೆ ತೀರ್ಮಾನ ಬದಲಾಗಲಿಲ್ಲ.

ಬೇರೆ ಊರಿನ ಆಳುಗಳು ಬಂದು ಕಲ್ಲು ಎಬ್ಬಿಸಿದರು. ಹಳೆಯ ಗಾರೆಯ ಜೊತೆ ಕಾಲುಂಗುರ ಮೇಲೆ ಬಂತು. ಗಾದಿಲಿಂಗಪ್ಪ ಅದನ್ನು ಆರಿಸಿ, ಪಂಚೆಗೆ ಒರೆಸಿ, ಮಡಿಲಲ್ಲಿ ಕಟ್ಟಿಕೊಂಡ. ಸಮಾರಂಭದ ದಿನ ನನ್ನನ್ನು ಬೀರುವಿನಿಂದ ತೆಗೆದರು; ದೊರೆ ನನ್ನಿಂದ ಗಾರೆ ಸವರಿ, ಪದ್ಧತಿಯಂತೆ ನನ್ನನ್ನು ಮೇಸ್ತ್ರಿಯ ಕಡೆ ಚಾಚಿದ. ಗಾದಿಲಿಂಗಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ದೊರೆ ಅವನ ಪಕ್ಕದವನ ಕಡೆ ತಿರುಗಿದ. ಅವನೂ ಕೈ ಕಟ್ಟಿಕೊಂಡ. ಗಾರೆ ಕೆಲಸದ ಒಬ್ಬನೂ ಮುಂದೆ ಬರಲಿಲ್ಲ. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿ ನೋಡುತ್ತ ನಿಂತರು. ಕೊನೆಗೆ ದೊರೆ ತಾನೇ ನನ್ನ ಹಿಡಿಯಿಂದ ಕಲ್ಲು ತಟ್ಟಿ, ತಾನೇ "ಕೂತಿತು" ಎಂದ. ವರ್ತಕರು ಚಪ್ಪಾಳೆ ತಟ್ಟಿದರು. ನನಗೆ ಕೇಳಿಸಿದ್ದು ಪೊಳ್ಳಿನ ಸದ್ದು. ಕಲ್ಲು ಒಡೆಯುವವನ ಮಗನಿಗೂ ಕೇಳಿಸಿತು. ಇನ್ನೊಮ್ಮೆ ತಟ್ಟಲು ನನ್ನನ್ನು ಎತ್ತಿ, ತಟ್ಟದೆ ಕೆಳಗಿಟ್ಟ.

ಗೋಪುರ ಎದ್ದಿತು. ಸುಂಕಮ್ಮನಿಗೆ ನೋವು ಬಂದಾಗ ಅವಳನ್ನು ಹತ್ತಿಯ ಗಾಡಿಯಲ್ಲಿ ಮಲಗಿಸಿ ಜಿಲ್ಲೆಯ ಆಸ್ಪತ್ರೆಗೆ ಹೊರಟರು. ದಾರಿ ಮುಗಿಯಲಿಲ್ಲ, ಅವಳು ಮುಗಿದಳು. ಹೊಟ್ಟೆಯ ಕೂಸೂ ಹೋಯಿತು. ಗಾಡಿ ಗೋಪುರದ ಬುಡದಲ್ಲೇ ಹಾದು ಊರಿಗೆ ಹಿಂದಿರುಗಿತು. ನೊಗ ಹಿಡಿದು ನಡೆಯುತ್ತಿದ್ದ ಗಾದಿಲಿಂಗಪ್ಪ ತಲೆಯೆತ್ತಿ ನೋಡಲಿಲ್ಲ. ಸಭಾಂಗಣದ ಕಿಟಕಿಯಲ್ಲಿ ದೊರೆ ಟೋಪಿ ತೆಗೆದು ನಿಂತಿದ್ದ. ಟೋಪಿ ತೆಗೆದರೆ ಏನು ಬಂತು!

ಅವರೆಲ್ಲ ಹೋಗಿ ಬಹಳ ಕಾಲವಾಯಿತು. ದೊರೆಯ ಪಟ ನನ್ನ ಬೀರುವಿನ ಮೇಲೆ ತೂಗುತ್ತಿದೆ. ಊರನ್ನು ಕಟ್ಟಿದ ಮಹನೀಯರ ಕರಣೆ ಎಂದು ನನ್ನ ಕೆಳಗೆ ಬರೆದಿದ್ದಾರೆ. ಬೆಳ್ಳಿ ಸಿಪ್ಪೆ ಏಳುತ್ತಿದೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿದೆ. ಹಿಡಿಯಲಿ, ತುಕ್ಕಾದರೂ ನನ್ನದು. ನನಗೆ ಉಳಿದಿರುವುದು ಒಂದೇ ಪ್ರಾರ್ಥನೆ. ಭಗವಂತ ಒಂದು ದಿನ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಾನಲ್ಲ, ಆಗ ನನ್ನನ್ನೂ ಸಾಕ್ಷಿಗೆ ಕರೆಯಲಿ. ಬಾಯಿಲ್ಲದ ನಾನು ಒಂದು ಮಾತು ಹೇಳಬೇಕು: ಆ ಕಲ್ಲು ಇವತ್ತಿಗೂ ಕೂತಿಲ್ಲ.