ಎಡಗೈ ಗಂಟು

ಅಜ್ಜಿಯ ಹನ್ನೆರಡನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಅಡಿಗೆಮನೆಯ ಅಟ್ಟ ಹತ್ತಿದೆ. ಬೀಜದ ಮುಡಿಗಳು ಎರಡೂ ಇದ್ದಲ್ಲೇ ಇದ್ದವು. ಆದರೆ ಗೋಡೆಯ ಕಡೆಯ ಮುಡಿಯ ಗಂಟು ಅಜ್ಜಿಯದಾಗಿರಲಿಲ್ಲ.

ಭತ್ತವನ್ನು ಹುಲ್ಲಿನಲ್ಲಿ ಸುತ್ತಿ, ಹುಲ್ಲುಹಗ್ಗದಿಂದ ಬಿಗಿದು, ದೊಡ್ಡ ಕುಂಬಳಕಾಯಿಯ ಹಾಗೆ ಮಾಡಿದರೆ ಅದು ಮುಡಿ. ನಮ್ಮ ಕೇರಿಯಲ್ಲಿ ಎಲ್ಲರೂ ಕಟ್ಟುತ್ತಾರೆ. ಅಜ್ಜಿಯ ಬಲಗೈ ಹೆಬ್ಬೆರಳು ಎಳೆಯ ವಯಸ್ಸಿನಲ್ಲೇ ಕತ್ತಿಗೆ ಸಿಕ್ಕಿ ಮಡಚದಂತಾಗಿತ್ತು. ಹಾಗಾಗಿ ಕೊನೆಯ ಗಂಟನ್ನು ಅವಳು ಎಡಗೈಯಲ್ಲಿ ಹಾಕುತ್ತಿದ್ದಳು. ಹಗ್ಗದ ತುದಿ ಎಡಕ್ಕೆ ಹೊರಳಿ ಒಳಗೆ ಸೇರುತ್ತಿತ್ತು. ಈ ಮುಡಿಯ ತುದಿ ಬಲಕ್ಕೆ ಹೊರಳಿತ್ತು. ಅಟ್ಟಕ್ಕೇರಿದ ಮುಡಿಗಳನ್ನು ಅಜ್ಜಿಯೇ ನೋಡಿಕೊಳ್ಳುತ್ತಿದ್ದಳು; ನಾನು ಹತ್ತಿರ ಹೋಗಿ ಗಂಟು ನೋಡಿದ್ದು ಅದೇ ಮೊದಲು.

ಸುಗ್ಗಿಯಲ್ಲಿ ಕಟ್ಟಿದ ಬೀಜದ ಮುಡಿಯನ್ನು ನೆನೆಹಾಕುವ ದಿನದವರೆಗೆ ಬಿಚ್ಚುವಂತಿಲ್ಲ. ಬಿಚ್ಚಿದರೆ ಹುಳ ಬೀಳುತ್ತದೆ. ಅಂದ ಮೇಲೆ ಯಾರೋ ಒಳ್ಳೆಯ ಬೀಜ ತೆಗೆದು ಹಳೆಯದನ್ನು ತುಂಬಿಟ್ಟಿರಬೇಕು ಎಂದುಕೊಂಡೆ. ಹಳೆಯದೂ ಹೊಸದೂ ನೋಡುವುದಕ್ಕೆ ಒಂದೇ. ನೀರಿಗೆ ಹಾಕಿ ಮೊಳೆಯದಿದ್ದಾಗಲೇ ಗೊತ್ತಾಗುವುದು. ಅಘನಾಶಿನಿಯ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆಯಲ್ಲಿ ಕಗ್ಗ ಬಿಟ್ಟರೆ ಬೇರೆ ಭತ್ತ ನಿಲ್ಲುವುದಿಲ್ಲ. ಕಗ್ಗದ ಬೀಜ ಕುಮಟೆಯ ಪೇಟೆಯಲ್ಲಿ ಸಿಗುವುದೂ ಇಲ್ಲ. ಮೊಳಕೆ ತಪ್ಪಿದರೆ ಮನೆಯ ಏಳು ಜನರ ಒಂದು ವರ್ಷದ ಅನ್ನ ತಪ್ಪಿದಂತೆ. ಅಜ್ಜಿ ಹಾಸಿಗೆ ಹಿಡಿದಾಗ ಹೇಳಿದ್ದಳು, "ಬೀಜದ ಮೇಲೆ ಕಣ್ಣಿರ್ಲಿ, ಗಂಗೀ." ಹೇಳಿದ್ದು ಸೋಮ ಚಿಕ್ಕಪ್ಪನಿಗಲ್ಲ, ನನಗೆ.

ನನಗೆ ಮಾತು ಕಡಿಮೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಅಜ್ಜಿಯ ಹಿಂದೆ ತಿರುಗಿದವಳು, ನೋಡುವುದೊಂದನ್ನೇ ಕಲಿತೆ. ಆ ಹನ್ನೆರಡು ದಿನ ಅಡಿಗೆಮನೆಗೆ ಬಂದುಹೋದವರನ್ನೆಲ್ಲ ನೆನಪು ಮಾಡಿಕೊಂಡೆ. ಚಿಕ್ಕಮ್ಮ ಅಟ್ಟ ಹತ್ತುವವಳಲ್ಲ, ಮೊಣಕಾಲು ನೋವು. ಹೊನ್ನಾವರದ ಅತ್ತೆ ಎರಡು ಸಲ ಸುಮ್ಮಸುಮ್ಮನೆ ಮೇಲೆ ನೋಡಿದ್ದಳು, ಆದರೆ ಅವರ ಊರಿನ ಗದ್ದೆಗೆ ಕಗ್ಗ ಬೇಡ. ಉಳಿದವಳು ತಿಮ್ಮಿ.

ತಿಮ್ಮಿ ಪಕ್ಕದ ಮನೆಯ ಶನಿಯಾರನ ಹೆಂಡತಿ. ಆರು ವರ್ಷದ ಹಿಂದೆ, ದೊಡ್ಡ ಉಬ್ಬರದ ದಿನ, ಗಜನಿಯ ಕಟ್ಟೆಯಲ್ಲಿ ಹೊಳೆನೀರು ತಡೆಯುವ ಹಲಗೆಬಾಗಿಲನ್ನು ಯಾರೋ ಎತ್ತಿಬಿಟ್ಟು ಮರೆತಿದ್ದರು. ಕಟ್ಟೆ ಒಡೆಯಿತು, ಎರಡೂ ಮನೆಯ ಪೈರು ಕೊಳೆತುಹೋಯಿತು. ಮರೆತವನು ನೀನು ಎಂದು ಚಿಕ್ಕಪ್ಪ, ನೀನು ಎಂದು ಶನಿಯಾರ. ಇನ್ನು ಮೇಲೆ ಒಬ್ಬರ ಮನೆಯ ನೀರು, ಬೆಂಕಿ ಇನ್ನೊಬ್ಬರಿಗಿಲ್ಲ ಎಂದು ಇಬ್ಬರೂ ಆಣೆ ಹಾಕಿದರು. ಅಂಥ ಮನೆಯ ತಿಮ್ಮಿ, ಅಜ್ಜಿ ತೀರಿದ ಮೂರನೆಯ ದಿನ ಹಿಂಬಾಗಿಲಿನಿಂದ ಬಂದಿದ್ದಳು. ನಾನು ಬಾವಿಯಿಂದ ಕೊಡ ತರುವಷ್ಟರಲ್ಲಿ ಅವಳ ತಲೆಗೂದಲಿಗೆ ಹುಲ್ಲಿನ ಧೂಳು ಅಂಟಿತ್ತು. ನನ್ನನ್ನು ಕಂಡವಳೇ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದಳು.

ಆ ಮೇಲೆ ಒಂದು ತಿಂಗಳು ನಾನು ಅವಳನ್ನೇ ನೋಡಿದೆ. ಅವಳೂ ನಮ್ಮ ಮನೆಯ ಹೊಗೆಯನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಸೌದೆ ಹಸಿಯಾಗಿ ನಮ್ಮ ಒಲೆ ಹೊತ್ತುವುದು ತಡವಾದಾಗ ಬೇಲಿಯವರೆಗೆ ಬಂದು ಕತ್ತು ಉದ್ದ ಮಾಡಿದ್ದಳು. ಕದ್ದವಳಿಗೆ ಮನಸ್ಸು ನಿಲ್ಲುವುದಿಲ್ಲ ಎಂದುಕೊಂಡೆ.

ಆ ದಿನಗಳಲ್ಲಿ ಅಜ್ಜಿ ಎಲ್ಲ ಕೆಲಸದಲ್ಲೂ ನೆನಪಾಗುತ್ತಿದ್ದಳು. ಅವಳು ಕರ್ಕಿಯ ಹೆಣ್ಣು, ಒಂಬತ್ತನೇ ವರ್ಷಕ್ಕೆ ಈ ಮನೆಗೆ ಬಂದವಳು. ತವರಿನ ಅಂಗಳದಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದದ್ದರಿಂದ ಎತ್ತುಗಳನ್ನು ರಾಕ್ಷಸ ವೇಷದ ಗತ್ತಿನಲ್ಲೇ ಗದರುತ್ತಿದ್ದಳು; ಎತ್ತು ಹೆದರುತ್ತಿರಲಿಲ್ಲ, ದಾರಿಹೋಕರು ನಿಲ್ಲುತ್ತಿದ್ದರು. ಎಂಟು ಹೆತ್ತಳು, ಮೂವರು ಉಳಿದರು. ಎಪ್ಪತ್ತು ದಾಟಿದ ಮೇಲೂ ಶಿವರಾತ್ರಿಗೆ ಯಾಣಕ್ಕೆ ನಡೆದೇ ಹೋಗುತ್ತಿದ್ದಳು. ಕಾಸರಕೋಡಿನ ಮೀನಿನವಳಿಗೆ ಅಕ್ಕಿ ಕೊಟ್ಟು ಒಣಮೀನು ತೆಗೆದುಕೊಳ್ಳುವಾಗ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳಿ ಎಂದು ಬೈದುಕೊಂಡು, ಕೊನೆಗೆ ಒಂದೇ ಸಂಚಿಯ ಎಲೆ ತಿನ್ನುತ್ತಿದ್ದರು. ಮೊದಲ ಮಳೆ ಬಿದ್ದ ಮೇಲೆ ಅಜ್ಜಿ ಗಜನಿಗೆ ಇಳಿದು ನೀರನ್ನು ನಾಲಗೆಗೆ ಹಚ್ಚಿ ನೋಡುತ್ತಿದ್ದಳು. ಉಪ್ಪು ಸಾಕಷ್ಟು ಇಳಿದಿದೆ ಎಂದು ಅವಳು ತಲೆಯಾಡಿಸುವವರೆಗೆ ಕೇರಿಯ ಯಾರೂ ಬೀಜ ನೆನೆಹಾಕುತ್ತಿರಲಿಲ್ಲ. ಕಟ್ಟೆ ಒಡೆದ ವರ್ಷ ಮಿರ್ಜಾನಿನವರೆಗೆ ಹೊಳೆಯ ದಂಡೆಯ ಊರುಗಳನ್ನೆಲ್ಲ ಸುತ್ತಿ, ಮನೆಗೊಂದು ಬೊಗಸೆಯಂತೆ ಬೇಡಿ ಬೀಜ ತಂದವಳೂ ಅವಳೇ. ಆ ಬೀಜಕ್ಕೆ ತಿಮ್ಮಿ ಕೈ ಹಾಕಿದ್ದಳು.

ನೆನೆಹಾಕುವ ದಿನ ಹತ್ತಿರ ಬಂದಾಗ ನಾನು ಚಿಕ್ಕಪ್ಪನ ಹತ್ತಿರ ಒಂದೇ ಮಾತು ಹೇಳಿದೆ, ಮುಡಿ ಬದಲಾಗಿದೆ, ತಿಮ್ಮಿ ಅಟ್ಟ ಹತ್ತಿದ್ದಳು ಎಂದು. ಚಿಕ್ಕಪ್ಪ ಆ ಮುಡಿಯನ್ನು ಹೆಗಲ ಮೇಲೆ ಹೊತ್ತು ನೇರವಾಗಿ ಶನಿಯಾರನ ಅಂಗಳಕ್ಕೆ ಹೋದ. ನಾನು ಬೇಲಿಯ ಹತ್ತಿರ ನಿಂತೆ. ಸತ್ತ ಮನೆಗೆ ಬಂದು ಕದಿಯುವ ಹೆಂಗಸು ಎಂದು ಅವನು ನಾಲ್ಕು ಮನೆಗೆ ಕೇಳುವಂತೆ ಕೂಗಿದ. ಶನಿಯಾರ ಜಗಲಿಯಿಂದ ಎದ್ದು ನಿಂತ. ತಿಮ್ಮಿ ಅವನನ್ನು ಕೈಸನ್ನೆಯಿಂದ ತಡೆದಳು.

"ಸೋಮಣ್ಣ, ಒಳ್ಗೆ ಬಾ ಅಂಬುಕೆ ನಿಂಗೆ ಆಣೆ ಅದೆ. ಅಲ್ಲೇ ನಿಲ್ಲು" ಎಂದು ಒಳಗೆ ಹೋದವಳು ಒಂದು ಮುಡಿಯನ್ನು ಅಪ್ಪಿಕೊಂಡು ಬಂದು ಜಗಲಿಯ ಮೇಲಿಟ್ಟಳು. "ಗಂಟು ಯಾರದು, ನೋಡು."

ಹಗ್ಗದ ತುದಿ ಎಡಕ್ಕೆ ಹೊರಳಿತ್ತು. ಬೇಲಿಯಿಂದಲೇ ನನಗೆ ಕಂಡಿತು.

ಬೇಡಿ ತಂದ ಬೀಜದಲ್ಲಿ ಅಜ್ಜಿ ಆ ವರ್ಷವೇ ಅರ್ಧ ತಿಮ್ಮಿಗೆ ಕೊಟ್ಟಿದ್ದಳಂತೆ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ, ಗಂಡಸರು ಕಣದಲ್ಲಿರುವಾಗ, ಹಿಂಬಾಗಿಲಿನಿಂದ ಒಂದೊಂದು ಮುಡಿ ಅದಲುಬದಲು. ಒಂದು ಮನೆಯ ಬೀಜ ಹೋದರೂ ಇನ್ನೊಂದು ಮನೆಯಲ್ಲಿ ಉಳಿಯಬೇಕು ಎಂದು.

"ಮತ್ತೆ ಅಟ್ಟ ಹತ್ತಿದ್ದು ಎಂತಕೆ?" ಎಂದು ಚಿಕ್ಕಪ್ಪ ಕೇಳಿದ. ದನಿ ಇಳಿದಿತ್ತು.

"ಸತ್ತ ಮನೇಲಿ ಮೂರು ದಿವ್ಸ ಒಲೆ ಹೊತ್ತಿರ್ಲಿಲ್ಲ. ಹೊಗೆ ಇಲ್ದೆ ಬೀಜಕ್ಕೆ ಹುಳ ಬೀಳ್ತದೆ. ನಿಮ್ಮನೇಲಿ ಅದ್ನ ನೋಡುಕೆ ಯಾರಿದ್ರು?"

ಆ ಮಾತು ನನಗೆ ತಾಗಿತು. ಅದನ್ನು ನೋಡಬೇಕಾಗಿದ್ದವಳು ನಾನು.

ಶನಿಯಾರ ಹೆಂಡತಿಯನ್ನೂ ಮುಡಿಯನ್ನೂ ನೋಡಿದ. "ಹಾಂಗಾರೆ ಆರು ವರ್ಷದಿಂದ ನಾ ಇವ್ನ ಮನೆ ಬೀಜದ ಅನ್ನ ಉಂಡ್ನಾ?" ಅಂದ. ಚಿಕ್ಕಪ್ಪ ತಂದ ಮುಡಿಯನ್ನು ಮತ್ತೆ ಹೆಗಲಿಗೇರಿಸಿ, ಬೇಲಿಯ ದಣಪೆ ದಾಟುವಾಗ ಜೋಪಾನವಾಗಿ ಬಗ್ಗಿದ.

ನನ್ನ ಸಂಶಯ ತಿಮ್ಮಿಯನ್ನು ಬಿಟ್ಟು ಅಜ್ಜಿಯ ಮೇಲೆ ಹೊರಳಿತು. ಪ್ರತಿ ಸುಗ್ಗಿಯಲ್ಲೂ ಒಂದು ದಿನ ಅವಳು ನನ್ನನ್ನು ದೂರದ ತೋಟಕ್ಕೆ ಎಲೆ ತರಲು ಕಳಿಸುತ್ತಿದ್ದಳು. ಮನೆಯಲ್ಲಿ ಎಲೆ ಇದ್ದಾಗಲೂ. ನನ್ನನ್ನೂ ನಂಬಿರಲಿಲ್ಲವೇ? ಅಥವಾ ಆಣೆಯ ಭಾರ ನನ್ನ ಮೇಲೆ ಬೀಳದಿರಲಿ ಎಂದಿದ್ದಳೇ? ಕೇಳುವುದಕ್ಕೆ ಅವಳಿರಲಿಲ್ಲ.

ಮೊದಲ ಮಳೆಯ ಮೇಲೆ ನಾನು ಗಜನಿಗೆ ಇಳಿದಾಗ ತಿಮ್ಮಿ ಆಗಲೇ ಮೊಣಕಾಲು ನೀರಿನಲ್ಲಿದ್ದಳು. ಇನ್ನೂ ನಾಲ್ಕು ದಿನ ಅಂದಳು. ನಾನು ನಂಬದೆ ನೀರನ್ನು ನಾಲಗೆಗೆ ಹಚ್ಚಿ ನೋಡಿದೆ. ಉಪ್ಪು ಇತ್ತು. ನಾಲ್ಕು ದಿನ ಬಿಟ್ಟು ನೆನೆಹಾಕಿದೆವು. ಎರಡು ಮುಡಿಯ ಬೀಜವೂ ಮೊಳೆಯಿತು.

ಸುಗ್ಗಿಯಲ್ಲಿ ಮುಡಿ ಕಟ್ಟಿದವಳು ನಾನೇ. ಬಲಗೈ ಸರಿಯಿದ್ದರೂ ಕೊನೆಯ ಗಂಟನ್ನು ಎಡಗೈಯಲ್ಲಿ ಹಾಕಿದೆ. ಮೂರು ಸಲ ಜಾರಿ ನಾಲ್ಕನೆಯದಕ್ಕೆ ನಿಂತಿತು. ಚಿಕ್ಕಪ್ಪನ ಆಣೆ ಇನ್ನೂ ಹಾಗೇ ಇತ್ತು. ಅವನು ಕಣಕ್ಕೆ ಹೋದ ಮೇಲೆ ಮುಡಿಯನ್ನು ಹೊತ್ತು ತಿಮ್ಮಿಯ ಹಿಂಬಾಗಿಲಿಗೆ ಹೋದೆ.

ಅವಳು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಿಚ್ಚಿಯೇಬಿಟ್ಟಳು. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ತಳದ ನಾಲ್ಕು ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಉಳಿದದ್ದನ್ನು ವಾಪಸು ಹಾಕಿದಳು.

"ಆತು. ಈಗ ಕಟ್ಟು" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟಳು. "ನಾ ಇಲ್ಲೇ ಕೂತು ನೋಡ್ತೆ."